ಒಂದು ಪದದ ವ್ಯಾಪ್ತಿ: ಅಮೆರಿಕಾದ ನಾಗರಿಕ ಹಕ್ಕುಗಳ ಶಾಸನ ಮತ್ತು ಲೈಂಗಿಕ ಅಲ್ಪಸಂಖ್ಯಾತರು

೧

ಕನ್ನಡದಲ್ಲಿ 'ಶಾಸನ' ಎಂಬ ಮಾತಿಗೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನ ಮೇಲೆ, ತಾಮ್ರಪಟದ ಮೇಲೆ ಬರೆಯಿಸಿದ ಬರಹ ಒಂದು. ಶಾಸನಸಭೆ ಅಂಗೀಕರಿಸಿದ ಕಾಯಿದೆ ಇನ್ನೊಂದು. ಮೊದಲನೆಯದನ್ನು ಓದುವ ಕ್ರಮದಲ್ಲಿ ನಮಗೆ ದೀರ್ಘವಾದ ಪರಂಪರೆಯಿದೆ. ಬರೆಯಿಸಿದವನ ಉದ್ದೇಶ, ಕಂಡರಿಸಿದವನ ಕೈತಪ್ಪು, ಪದಕ್ಕೆ ಆ ಕಾಲದಲ್ಲಿದ್ದ ಅರ್ಥ, ಮುಂದಿನವರು ಅದನ್ನು ಅನ್ವಯಿಸಿಕೊಂಡ ಬಗೆ, ಇವುಗಳನ್ನು ಬೇರೆಬೇರೆಯಾಗಿ ನೋಡಬೇಕೆಂಬ ಎಚ್ಚರವನ್ನು ಆ ಪರಂಪರೆ ಕಲಿಸಿದೆ. ಎರಡನೆಯ ಅರ್ಥದ ಶಾಸನಗಳನ್ನು ಓದುವಾಗಲೂ ಇದೇ ಎಚ್ಚರ ಬೇಕಾಗುತ್ತದೆ ಎಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆಯ ಚರಿತ್ರೆ ಒಳ್ಳೆಯ ನಿದರ್ಶನವಾಗಿದೆ.

ಈ ಕಾಯಿದೆಯ ಏಳನೆಯ ಅಧ್ಯಾಯವು ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಜನಾಂಗ, ವರ್ಣ, ಧರ್ಮ, ಲಿಂಗ, ರಾಷ್ಟ್ರೀಯ ಮೂಲ ಎಂಬ ಐದು ಆಧಾರಗಳನ್ನು ಅದು ಹೆಸರಿಸುತ್ತದೆ. ಸಲಿಂಗಾನುರಾಗಿಗಳ, ದ್ವಿಲಿಂಗಾನುರಾಗಿಗಳ, ಲಿಂಗಪರಿವರ್ತಿತರ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಹಾಗಿದ್ದರೂ ೨೦೨೦ರ ಜೂನ್ ೧೫ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಅದೇ ಅಧ್ಯಾಯವು ಅವರಿಗೂ ರಕ್ಷಣೆ ನೀಡುತ್ತದೆ ಎಂದು ತೀರ್ಮಾನಿಸಿತು. ಐವತ್ತಾರು ವರ್ಷಗಳಲ್ಲಿ ಆ ಐದು ಪದಗಳಿಗೆ ಒಂದು ಪದವೂ ಹೊಸದಾಗಿ ಸೇರಿರಲಿಲ್ಲ. ಬರಹ ಅದೇ ಇದ್ದು ಅದರ ವ್ಯಾಪ್ತಿ ಹೇಗೆ ಬೆಳೆಯಿತು, ಹೀಗೆ ಓದಿನ ಮೂಲಕ ದೊರೆತ ಹಕ್ಕು ಎಷ್ಟು ಗಟ್ಟಿಯಾದುದು ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಪ್ರಯತ್ನಿಸಿದ್ದೇವೆ.

ಪರಿಭಾಷೆಯ ಬಗೆಗೆ ಒಂದು ಮಾತು. ಇಂಗ್ಲಿಷಿನ 'ಸೆಕ್ಸ್' ಎಂಬುದಕ್ಕೆ ನಾವು ಇಲ್ಲಿ 'ಲಿಂಗ' ಎಂಬ ರೂಢಿಯ ಪದವನ್ನೇ ಬಳಸಿದ್ದೇವೆ. ವ್ಯಾಕರಣದ ಲಿಂಗವನ್ನೂ ದೇಹದ ಲಿಂಗವನ್ನೂ ಶಿವಲಿಂಗವನ್ನೂ ಒಂದೇ ಪದದಿಂದ ಸೂಚಿಸುವ ಕನ್ನಡಿಗರಿಗೆ ಪದವೊಂದರ ವ್ಯಾಪ್ತಿ ಸಂದರ್ಭದಿಂದ ನಿರ್ಧಾರವಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಯಾರ ಕಡೆಗೆ ಅನುರಾಗವಿದೆ ಎಂಬುದನ್ನು 'ಲೈಂಗಿಕ ಒಲವು' ಎಂದೂ, ವ್ಯಕ್ತಿ ತನ್ನನ್ನು ಹೆಣ್ಣೆಂದೋ ಗಂಡೆಂದೋ ಬೇರೊಂದೆಂದೋ ಅರಿತುಕೊಂಡಿರುವುದನ್ನು 'ಲಿಂಗತ್ವದ ಅಸ್ಮಿತೆ' ಎಂದೂ ಕರೆದಿದ್ದೇವೆ. ಇವರೆಲ್ಲರನ್ನೂ ಒಟ್ಟಾಗಿ ಹೇಳುವಾಗ ಕರ್ನಾಟಕದಲ್ಲಿ ಬಳಕೆಗೆ ಬಂದಿರುವ 'ಲೈಂಗಿಕ ಅಲ್ಪಸಂಖ್ಯಾತರು' ಎಂಬ ಪದವನ್ನು ಸ್ವೀಕರಿಸಿದ್ದೇವೆ.

೨

ರಕ್ಷಣೆಯ ಚರಿತ್ರೆಗೆ ಮೊದಲು ಬಹಿಷ್ಕಾರದ ಚರಿತ್ರೆಯೊಂದಿದೆ. ೧೯೫೦ರ ಡಿಸೆಂಬರಿನಲ್ಲಿ ಅಮೆರಿಕಾದ ಸೆನೆಟ್ಟಿನ ಉಪಸಮಿತಿಯೊಂದು ಸಲಿಂಗಾನುರಾಗಿಗಳು ಸರ್ಕಾರಿ ಸೇವೆಗೆ ಅಯೋಗ್ಯರು, ಬೆದರಿಕೆಗೆ ಸುಲಭವಾಗಿ ಒಳಗಾಗುವವರಾದ್ದರಿಂದ ದೇಶದ ಭದ್ರತೆಗೂ ಅಪಾಯಕಾರಿಗಳು ಎಂಬ ವರದಿಯನ್ನು ನೀಡಿತು. ೧೯೫೩ರ ಏಪ್ರಿಲ್ ೨೭ರಂದು ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ೧೦೪೫೦ನೆಯ ಆದೇಶವು 'ಲೈಂಗಿಕ ವಿಕೃತಿ'ಯನ್ನು ಒಕ್ಕೂಟ ಸರ್ಕಾರದ ನೌಕರಿಗೆ ಅಡ್ಡಿಯಾಗುವ ಕಾರಣಗಳಲ್ಲಿ ಒಂದಾಗಿ ಎಣಿಸಿತು. ಮುಂದಿನ ವರ್ಷಗಳಲ್ಲಿ ಸಾವಿರಾರು ಜನರು ಕೆಲಸ ಕಳೆದುಕೊಂಡರು. ಅವರಲ್ಲಿ ಬಹುಮಂದಿ ಮೌನವಾಗಿ ರಾಜೀನಾಮೆ ಕೊಟ್ಟರು. ನ್ಯಾಯಾಲಯಕ್ಕೆ ಹೋದರೆ ಕಾರಣವನ್ನು ಬಹಿರಂಗಪಡಿಸಬೇಕಾಗುತ್ತಿತ್ತು.

ಮೌನವಾಗಿರಲು ಒಪ್ಪದವರಲ್ಲಿ ಫ್ರಾಂಕ್ ಕ್ಯಾಮೆನಿ ಮುಖ್ಯರು. ಹಾರ್ವರ್ಡಿನಲ್ಲಿ ಖಗೋಳಶಾಸ್ತ್ರದ ಡಾಕ್ಟರೇಟ್ ಪಡೆದು ಸೈನ್ಯದ ಭೂಪಟ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದ ಅವರನ್ನು ೧೯೫೭ರಲ್ಲಿ ವಜಾ ಮಾಡಲಾಯಿತು. ಕೆಳಗಿನ ನ್ಯಾಯಾಲಯಗಳಲ್ಲಿ ಸೋತ ಮೇಲೆ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ತಾವೇ ಅರ್ಜಿ ಬರೆದುಕೊಂಡರು. ಜನಾಂಗದ, ಧರ್ಮದ ಆಧಾರದ ಮೇಲೆ ಮಾಡುವ ತಾರತಮ್ಯಕ್ಕೂ ತಮಗೆ ಆದುದಕ್ಕೂ ತತ್ತ್ವತಃ ವ್ಯತ್ಯಾಸವಿಲ್ಲವೆಂಬುದು ಅವರ ವಾದದ ಸಾರ. ೧೯೬೧ರಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಆ ವರ್ಷವೇ ಅವರು ವಾಷಿಂಗ್ಟನ್ನಿನಲ್ಲಿ ಮ್ಯಾಟಷೀನ್ ಸೊಸೈಟಿಯ ಸ್ಥಾಪನೆಗೆ ಕಾರಣರಾದರು. ೧೯೬೫ರ ಏಪ್ರಿಲಿನಲ್ಲಿ ಕೆಲವೇ ಸಂಗಡಿಗರೊಡನೆ ಶ್ವೇತಭವನದ ಮುಂದೆ ಫಲಕ ಹಿಡಿದು ನಿಂತರು. ಒಕ್ಕೂಟದ ನಾಗರಿಕ ಸೇವಾ ಆಯೋಗ ತನ್ನ ನಿಯಮವನ್ನು ಬದಲಿಸಿದ್ದು ೧೯೭೫ರಲ್ಲಿ. ಸರ್ಕಾರ ಕ್ಯಾಮೆನಿಯವರಿಂದ ವಿಧ್ಯುಕ್ತವಾಗಿ ಕ್ಷಮೆ ಕೋರಿದ್ದು ೨೦೦೯ರಲ್ಲಿ. ಆಗ ಅವರು ಎಂಬತ್ತು ದಾಟಿದ ವೃದ್ಧರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ನಾಗರಿಕ ಹಕ್ಕುಗಳ ಕಾಯಿದೆ ರೂಪುಗೊಳ್ಳುತ್ತಿದ್ದ ಕಾಲವೂ ಈ ಬಹಿಷ್ಕಾರದ ಕಾಲವೂ ಒಂದೇ ಎಂಬುದು. ೧೯೬೩ರ ಆಗಸ್ಟ್ ೨೮ರ ವಾಷಿಂಗ್ಟನ್ ಯಾತ್ರೆಯನ್ನು ಸಂಘಟಿಸಿದವರು ಬೇಯಾರ್ಡ್ ರಸ್ಟಿನ್. ಗಾಂಧೀಜಿಯ ಅಹಿಂಸಾ ಮಾರ್ಗವನ್ನು ತಿಳಿಯಲು ೧೯೪೮ರಲ್ಲಿ ಭಾರತಕ್ಕೆ ಬಂದಿದ್ದವರು ಅವರು. ಸಲಿಂಗಾನುರಾಗಿ ಎಂಬ ಕಾರಣಕ್ಕೆ ೧೯೫೩ರಲ್ಲಿ ಬಂಧನಕ್ಕೊಳಗಾದವರೂ ಹೌದು. ಯಾತ್ರೆಗೆ ಕೆಲವು ದಿನಗಳ ಮುಂಚೆ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಸದನದಲ್ಲಿ ಈ ಬಂಧನವನ್ನು ಪ್ರಸ್ತಾಪಿಸಿ ಯಾತ್ರೆಗೇ ಕಳಂಕ ಹಚ್ಚಲೆತ್ನಿಸಿದರು. ಕಾರ್ಮಿಕ ನಾಯಕ ಎ. ಫಿಲಿಪ್ ರ್‍ಯಾಂಡಾಲ್ಫ್ ರಸ್ಟಿನ್ನರ ಬೆಂಬಲಕ್ಕೆ ನಿಂತುದರಿಂದ ಕೆಲಸ ಕೆಡಲಿಲ್ಲ. ಯಾವ ಕಾಯಿದೆಗಾಗಿ ರಸ್ಟಿನ್ ದುಡಿದರೋ ಅದು ಅವರನ್ನು ಕರಿಯನೆಂಬ ಕಾರಣಕ್ಕಾಗುವ ತಾರತಮ್ಯದಿಂದ ರಕ್ಷಿಸಿತು. ಸಲಿಂಗಾನುರಾಗಿ ಎಂಬ ಕಾರಣಕ್ಕಾಗುವ ತಾರತಮ್ಯದ ವಿಚಾರದಲ್ಲಿ ಸುಮ್ಮನಿತ್ತು.

೩

ಏಳನೆಯ ಅಧ್ಯಾಯದ ಮೂಲಪಾಠದಲ್ಲಿ 'ಲಿಂಗ' ಎಂಬ ಪದವಿರಲಿಲ್ಲ. ಪಾಠಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಪ್ರಕ್ಷೇಪ. ೧೯೬೪ರ ಫೆಬ್ರುವರಿ ೮ರಂದು, ಪ್ರತಿನಿಧಿ ಸಭೆಯ ಚರ್ಚೆ ಮುಗಿಯುತ್ತ ಬಂದಿದ್ದಾಗ, ವರ್ಜೀನಿಯಾದ ಹೋವರ್ಡ್ ಸ್ಮಿತ್ ಆ ಪದವನ್ನು ಸೇರಿಸುವ ತಿದ್ದುಪಡಿಯನ್ನು ಮಂಡಿಸಿದರು. ಸ್ಮಿತ್ ಕಾಯಿದೆಯ ಕಟ್ಟಾ ವಿರೋಧಿ. ಸ್ತ್ರೀಯರ ಸಮಾನತೆಯನ್ನೂ ಸೇರಿಸಿದರೆ ಕಾಯಿದೆಗೆ ಬೆಂಬಲ ಕಡಿಮೆಯಾದೀತೆಂಬ ಲೆಕ್ಕಾಚಾರದಿಂದ ಅವರು ಹೀಗೆ ಮಾಡಿದರೆಂದು ಕೆಲವು ಚರಿತ್ರಕಾರರು ಹೇಳುತ್ತಾರೆ. ಸ್ತ್ರೀಪುರುಷ ಸಮಾನ ಹಕ್ಕುಗಳ ಸಂವಿಧಾನ ತಿದ್ದುಪಡಿಯನ್ನು ಅವರು ಬಹಳ ಹಿಂದಿನಿಂದಲೂ ಬೆಂಬಲಿಸುತ್ತಿದ್ದುದನ್ನೂ ರಾಷ್ಟ್ರೀಯ ಮಹಿಳಾ ಪಕ್ಷದ ಒತ್ತಾಯವನ್ನೂ ಗಮನಿಸಿ ಇದು ಪ್ರಾಮಾಣಿಕವೇ ಆಗಿತ್ತೆಂದು ಇನ್ನು ಕೆಲವರು ವಾದಿಸುತ್ತಾರೆ. ಎರಡೂ ಉದ್ದೇಶಗಳು ಒಬ್ಬನಲ್ಲೇ ಇರಬಾರದೆಂದೇನೂ ಇಲ್ಲ. ಸಭೆಯಲ್ಲಿ ನಗೆ ಎದ್ದಿತು. ಮಿಷಿಗನ್ನಿನ ಮಾರ್ಥಾ ಗ್ರಿಫಿತ್ಸ್ ಎದ್ದು ನಿಂತು, ಹೆಂಗಸರನ್ನು ಎರಡನೆಯ ದರ್ಜೆಯವರೆಂದು ಎಣಿಸಲಾಗುತ್ತಿದೆ ಎಂಬುದಕ್ಕೆ ಆ ನಗೆಯೇ ಸಾಕ್ಷಿಯೆಂದರು. ತಿದ್ದುಪಡಿಯು ೧೬೮-೧೩೩ ಮತಗಳಿಂದ ಅಂಗೀಕೃತವಾಯಿತು.

ಸೆನೆಟ್ಟಿನಲ್ಲಿ ಆ ಪದವನ್ನು ಕೈಬಿಡುವ ಸಂಭವವಿದ್ದಾಗ ಅದನ್ನು ಉಳಿಸಬೇಕೆಂದು ವಿಸ್ತಾರವಾದ ಟಿಪ್ಪಣಿಯೊಂದನ್ನು ಬರೆದವರು ನ್ಯಾಯವಾದಿ ಪಾಲಿ ಮರ್ರಿ. ಕರಿಯರೆಂಬ ಕಾರಣಕ್ಕೆ ಒಂದು ವಿಶ್ವವಿದ್ಯಾಲಯದಲ್ಲಿಯೂ ಹೆಣ್ಣೆಂಬ ಕಾರಣಕ್ಕೆ ಇನ್ನೊಂದರಲ್ಲಿಯೂ ಪ್ರವೇಶ ಸಿಗದೆ ಹಿಂದಿರುಗಿದವರು ಅವರು. ಕರಿಯ ಹೆಂಗಸಿಗೆ ಕೆಲಸ ನಿರಾಕರಿಸಿದಾಗ ಅದಕ್ಕೆ ಜನಾಂಗ ಕಾರಣವೋ ಲಿಂಗ ಕಾರಣವೋ ಎಂದು ಬಿಡಿಸಿ ಹೇಳುವುದು ಕಷ್ಟ, ಆದ್ದರಿಂದ ಎರಡೂ ಪದಗಳು ಇರಲೇಬೇಕು ಎಂಬುದು ಅವರ ವಾದದ ಮುಖ್ಯ ಎಳೆ. ಮರ್ರಿಯವರು ತಮ್ಮನ್ನು ಒಳಗೆ ಗಂಡೆಂದೇ ಭಾವಿಸಿದ್ದರು, ಅದಕ್ಕಾಗಿ ವೈದ್ಯರ ಬಳಿಗೂ ಹೋಗಿದ್ದರು ಎಂಬುದು ಅವರ ಖಾಸಗಿ ಕಾಗದಪತ್ರಗಳಿಂದ ಅನಂತರ ತಿಳಿದುಬಂದಿತು. ಇಂಗ್ಲಿಷಿನಲ್ಲಿ ಅವರ ಬಗೆಗೆ ಬರೆಯುವವರು ಯಾವ ಸರ್ವನಾಮ ಬಳಸಬೇಕೆಂದು ಇಂದಿಗೂ ಚರ್ಚಿಸುತ್ತಿದ್ದಾರೆ. ಕನ್ನಡದ 'ಅವರು' ನಮ್ಮನ್ನು ಆ ತೊಡಕಿನಿಂದ ಪಾರುಮಾಡಿದೆ. ಪದವನ್ನು ಉಳಿಸಿದವರೇ ಅದರ ಮುಂದಿನ ಅರ್ಥವ್ಯಾಪ್ತಿಗೆ ಸೇರಿದವರಾಗಿದ್ದರು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ೧೯೬೪ರ ಜುಲೈ ೨ರಂದು ಅಧ್ಯಕ್ಷ ಜಾನ್ಸನ್ ಕಾಯಿದೆಗೆ ಸಹಿ ಹಾಕಿದರು.

ಆ ಪದ ಸೇರಿದ್ದು ಏಳನೆಯ ಅಧ್ಯಾಯಕ್ಕೆ ಮಾತ್ರ. ಹೋಟೆಲು, ಉಪಾಹಾರಗೃಹ, ಚಿತ್ರಮಂದಿರ ಮೊದಲಾದ ಸಾರ್ವಜನಿಕ ಸ್ಥಳಗಳಿಗೆ ಸಂಬಂಧಿಸಿದ ಎರಡನೆಯ ಅಧ್ಯಾಯಕ್ಕೂ, ಒಕ್ಕೂಟದ ಧನಸಹಾಯ ಪಡೆಯುವ ಕಾರ್ಯಕ್ರಮಗಳಿಗೆ ಸಂಬಂಧಿಸಿದ ಆರನೆಯ ಅಧ್ಯಾಯಕ್ಕೂ ಅದು ಸೇರಲಿಲ್ಲ. ಈ ವ್ಯತ್ಯಾಸದ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

೪

ಕಾಯಿದೆಯ ಬರಹವನ್ನೇ ತಿದ್ದಿ ಲೈಂಗಿಕ ಅಲ್ಪಸಂಖ್ಯಾತರನ್ನು ಹೆಸರಿಸುವ ಪ್ರಯತ್ನ ೧೯೬೯ರ ಸ್ಟೋನ್‌ವಾಲ್ ಪ್ರತಿಭಟನೆಯಾದ ಐದು ವರ್ಷಗಳಲ್ಲಿ ಆರಂಭವಾಯಿತು. ೧೯೭೪ರ ಮೇ ೧೪ರಂದು ನ್ಯೂಯಾರ್ಕಿನ ಪ್ರತಿನಿಧಿಗಳಾದ ಬೆಲ್ಲಾ ಆಬ್ಜಗ್ ಮತ್ತು ಎಡ್ ಕಾಚ್ 'ಸಮಾನತೆಯ ಕಾಯಿದೆ' ಎಂಬ ಮಸೂದೆಯನ್ನು ಮಂಡಿಸಿದರು. ಲಿಂಗ, ವೈವಾಹಿಕ ಸ್ಥಿತಿ, ಲೈಂಗಿಕ ಒಲವು ಎಂಬ ಮೂರು ಆಧಾರಗಳನ್ನು ನಾಗರಿಕ ಹಕ್ಕುಗಳ ಕಾಯಿದೆಗೆ ಸೇರಿಸುವುದು ಅದರ ಉದ್ದೇಶ. ಅದು ಮುಂದುವರಿಯಲಿಲ್ಲ.

ಆಮೇಲಿನ ಚರಿತ್ರೆಯನ್ನು ಮತಗಳ ಲೆಕ್ಕದಿಂದಲೇ ಹೇಳಬಹುದು. ವ್ಯಾಪ್ತಿಯನ್ನು ಉದ್ಯೋಗಕ್ಕಷ್ಟೇ ಸೀಮಿತಗೊಳಿಸಿದ ಮಸೂದೆಯೊಂದು ೧೯೯೪ರಲ್ಲಿ ಬಂದಿತು. ೧೯೯೬ರ ಸೆಪ್ಟೆಂಬರ್ ೧೦ರಂದು ಸೆನೆಟ್ಟಿನಲ್ಲಿ ೪೯-೫೦ರಿಂದ, ಎಂದರೆ ಒಂದೇ ಮತದಿಂದ, ಅದು ಬಿದ್ದುಹೋಯಿತು. ಅದೇ ದಿನ ಅದೇ ಸೆನೆಟ್ಟು ಸಲಿಂಗ ವಿವಾಹವನ್ನು ಒಕ್ಕೂಟ ಮಾನ್ಯಮಾಡಬಾರದೆಂಬ ಕಾಯಿದೆಯನ್ನು ೮೫-೧೪ರಿಂದ ಅಂಗೀಕರಿಸಿತು. ೨೦೦೭ರಲ್ಲಿ ಪ್ರತಿನಿಧಿ ಸಭೆ ಉದ್ಯೋಗದ ಮಸೂದೆಯನ್ನು ೨೩೫-೧೮೪ರಿಂದ ಒಪ್ಪಿತು. ಆದರೆ ಮತ ಸಾಲದೆಂಬ ಭಯದಿಂದ ಲಿಂಗತ್ವದ ಅಸ್ಮಿತೆಯನ್ನು ಅದರಿಂದ ತೆಗೆದುಹಾಕಲಾಗಿತ್ತು. ಲಿಂಗಪರಿವರ್ತಿತರನ್ನು ಬಿಟ್ಟು ಉಳಿದವರಿಗೆ ದಕ್ಕುವ ಹಕ್ಕು ಹಕ್ಕೇ ಎಂಬ ಪ್ರಶ್ನೆ ಚಳವಳಿಯೊಳಗೇ ದೊಡ್ಡ ಬಿರುಕನ್ನು ತಂದಿತು. ೨೦೧೩ರಲ್ಲಿ ಇಬ್ಬರನ್ನೂ ಒಳಗೊಂಡ ಮಸೂದೆಯನ್ನು ಸೆನೆಟ್ಟು ೬೪-೩೨ರಿಂದ ಅಂಗೀಕರಿಸಿತು. ಪ್ರತಿನಿಧಿ ಸಭೆ ಅದನ್ನು ಮತಕ್ಕೇ ಹಾಕಲಿಲ್ಲ. ಹಳೆಯ ಹೆಸರಿನಲ್ಲಿ ಮರಳಿ ಬಂದ ವಿಸ್ತೃತ 'ಸಮಾನತೆಯ ಕಾಯಿದೆ'ಯನ್ನು ಪ್ರತಿನಿಧಿ ಸಭೆ ೨೦೧೯ರಲ್ಲಿ ೨೩೬-೧೭೩ರಿಂದಲೂ ೨೦೨೧ರಲ್ಲಿ ೨೨೪-೨೦೬ರಿಂದಲೂ ಅಂಗೀಕರಿಸಿತು. ಎರಡು ಸಲವೂ ಸೆನೆಟ್ಟಿನಲ್ಲಿ ಅದು ನಿಂತುಹೋಯಿತು. ರಾಜ್ಯಗಳ ಮಟ್ಟದಲ್ಲಿ ವಿಸ್ಕಾನ್ಸಿನ್ ೧೯೮೨ರಷ್ಟು ಹಿಂದೆಯೇ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ನಿಷೇಧಿಸಿದ ಮೊದಲ ರಾಜ್ಯವಾಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ವಿರೋಧಿಸಿದವರೆಲ್ಲರೂ ದ್ವೇಷದಿಂದಲೇ ವಿರೋಧಿಸಿದರೆಂದು ಹೇಳುವುದು ಸರಿಯಾಗಲಾರದು. ಧಾರ್ಮಿಕ ಸಂಸ್ಥೆಗಳ ಸ್ವಾತಂತ್ರ್ಯಕ್ಕೆ ಧಕ್ಕೆಯಾದೀತೆಂಬ ಆತಂಕ, ಅದರಲ್ಲೂ ೧೯೯೩ರ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯಿದೆಯನ್ನು ಪ್ರತಿವಾದವಾಗಿ ಬಳಸಲು 'ಸಮಾನತೆಯ ಕಾಯಿದೆ' ಅವಕಾಶ ಕೊಡದಿದ್ದುದು, ಒಂದು ಕಾರಣ. ಹೆಂಗಸರಿಗೆಂದೇ ಮೀಸಲಾದ ಸ್ಥಳಗಳು, ಕ್ರೀಡೆಗಳು ಏನಾಗುತ್ತವೆ ಎಂಬ ಪ್ರಶ್ನೆ ಇನ್ನೊಂದು. ಇವುಗಳಿಗೆ ಉತ್ತರಗಳಿವೆಯೆಂಬುದು ಬೆಂಬಲಿಗರ ನಿಲುವು. ಆದರೆ ಉತ್ತರ ಹೇಳಬೇಕಾದ ಸ್ಥಳ ಶಾಸನಸಭೆ. ಅಲ್ಲಿ ಚರ್ಚೆ ಮುಗಿಯಲಿಲ್ಲ.

೫

ನ್ಯಾಯಾಲಯಗಳಲ್ಲಿ ಆರಂಭದ ಉತ್ತರ ನಿಷೇಧಾತ್ಮಕವಾಗಿತ್ತು. ೧೯೭೭ರಲ್ಲಿಯೂ ೧೯೭೯ರಲ್ಲಿಯೂ ಮೇಲ್ಮನವಿ ನ್ಯಾಯಾಲಯಗಳು 'ಲಿಂಗ'ವೆಂದರೆ ಗಂಡು ಹೆಣ್ಣೆಂಬ ಭೇದ ಮಾತ್ರ ಎಂದು ಹೇಳಿ ಅರ್ಜಿಗಳನ್ನು ತಳ್ಳಿಹಾಕಿದವು. ಪ್ರಸಿದ್ಧವಾದುದು ೧೯೮೪ರ ಯೂಲೇನ್ ಪ್ರಕರಣ. ವಿಮಾನಚಾಲಕಿಯಾಗಿದ್ದ ಕ್ಯಾರೆನ್ ಯೂಲೇನ್ ಲಿಂಗಪರಿವರ್ತನೆಯ ಅನಂತರ ಕೆಲಸ ಕಳೆದುಕೊಂಡರು. ವಿಚಾರಣಾ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತರೂ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ೧೯೬೪ರ ಶಾಸಕರ ಮನಸ್ಸಿನಲ್ಲಿ ಇಂಥ ವಿಚಾರ ಇರಲೇ ಇಲ್ಲ ಎಂಬುದು ಅದು ನೀಡಿದ ಕಾರಣ.

ದಾರಿ ತೆರೆದದ್ದು ಬೇರೊಂದು ಕಡೆಯಿಂದ. ಆನ್ ಹಾಪ್ಕಿನ್ಸ್ ಎಂಬ ಅಧಿಕಾರಿಗೆ ಲೆಕ್ಕಪರಿಶೋಧನ ಸಂಸ್ಥೆಯಾದ ಪ್ರೈಸ್ ವಾಟರ್‌ಹೌಸ್ ಪಾಲುದಾರಿಕೆಯನ್ನು ಕೊಡಲಿಲ್ಲ. ನಡೆ, ನುಡಿ, ಉಡುಗೆಗಳಲ್ಲಿ ಇನ್ನಷ್ಟು ಹೆಣ್ಣಾಗಿರಬೇಕೆಂಬ ಸಲಹೆಯೂ ಅವರಿಗೆ ಸಿಕ್ಕಿತ್ತು. ೧೯೮೯ರಲ್ಲಿ ಸರ್ವೋಚ್ಚ ನ್ಯಾಯಾಲಯ, ಹೆಣ್ಣು ಹೀಗೆಯೇ ಇರಬೇಕೆಂಬ ಸಿದ್ಧಕಲ್ಪನೆಯ ಆಧಾರದ ಮೇಲೆ ಶಿಕ್ಷಿಸುವುದೂ ಲಿಂಗದ ಆಧಾರದ ತಾರತಮ್ಯವೇ ಎಂದಿತು. ಹಾಪ್ಕಿನ್ಸ್ ಪ್ರಕರಣಕ್ಕೂ ಲೈಂಗಿಕ ಒಲವಿಗೂ ಸಂಬಂಧವಿರಲಿಲ್ಲ. ಆದರೆ ಗಂಡು ಹೆಣ್ಣನ್ನೇ ಒಲಿಯಬೇಕು, ಗಂಡಾಗಿ ಹುಟ್ಟಿದವನು ಗಂಡಾಗಿಯೇ ಬಾಳಬೇಕು ಎಂಬುವೂ ಸಿದ್ಧಕಲ್ಪನೆಗಳಲ್ಲವೇ ಎಂಬ ಪ್ರಶ್ನೆ ತಡೆಯಿಲ್ಲದೆ ಎದ್ದಿತು. ೧೯೯೮ರ ಆಂಕಾಲಿ ಪ್ರಕರಣದಲ್ಲಿ ನ್ಯಾಯಮೂರ್ತಿ ಸ್ಕಲಿಯಾ, ಗಂಡಸರು ಗಂಡಸಿಗೆ ಕೊಟ್ಟ ಲೈಂಗಿಕ ಕಿರುಕುಳವೂ ಏಳನೆಯ ಅಧ್ಯಾಯದ ವ್ಯಾಪ್ತಿಗೆ ಬರಬಹುದೆಂದು ಬರೆದರು. ಶಾಸಕರು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದ್ದ ಕೇಡನ್ನು ಮೀರಿ ಶಾಸನದ ಮಾತು ಹಬ್ಬಬಹುದು, ನಮ್ಮನ್ನು ಆಳುವುದು ಆ ಮಾತೇ ಎಂಬುದು ಅವರ ತರ್ಕದ ಸಾರಾಂಶ. ಸಲಿಂಗಾನುರಾಗಿಗಳ ಹಕ್ಕುಗಳ ಬಗೆಗೆ ಬೇರೆ ತೀರ್ಪುಗಳಲ್ಲಿ ತೀವ್ರವಾದ ಭಿನ್ನಮತ ಬರೆದ ನ್ಯಾಯಮೂರ್ತಿಯೇ ಆ ಹಕ್ಕುಗಳಿಗೆ ಬೇಕಾದ ಓದಿನ ಸೂತ್ರವನ್ನು ಒದಗಿಸಿದ್ದು ಇದರಿಂದ ಕಂಡುಬರುತ್ತದೆ. ಸಮಾನ ಉದ್ಯೋಗಾವಕಾಶ ಆಯೋಗವು ೨೦೧೨ರಲ್ಲಿ ಲಿಂಗತ್ವದ ಅಸ್ಮಿತೆಯನ್ನೂ ೨೦೧೫ರಲ್ಲಿ ಲೈಂಗಿಕ ಒಲವನ್ನೂ 'ಲಿಂಗ'ದೊಳಗೆ ಸೇರಿಸಿ ಓದಿತು.

೨೦೨೦ರ ತೀರ್ಪು ಮೂರು ಪ್ರಕರಣಗಳಿಗೆ ಒಟ್ಟಾಗಿ ಬಂದುದು. ಜಾರ್ಜಿಯಾದ ಕ್ಲೇಟನ್ ಕೌಂಟಿಯಲ್ಲಿ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದ ಜೆರಾಲ್ಡ್ ಬೋಸ್ಟಾಕ್ ಸಲಿಂಗಾನುರಾಗಿಗಳ ಸಾಫ್ಟ್‌ಬಾಲ್ ತಂಡಕ್ಕೆ ಸೇರಿದ ಮೇಲೆ ವಜಾ ಆದರು. ನ್ಯೂಯಾರ್ಕಿನಲ್ಲಿ ಪ್ಯಾರಾಚೂಟ್ ಜಿಗಿತವನ್ನು ಕಲಿಸುತ್ತಿದ್ದ ಡೊನಾಲ್ಡ್ ಜಾರ್ಡಾ ತಮ್ಮ ಒಲವನ್ನು ಒಬ್ಬ ಗ್ರಾಹಕಿಗೆ ಹೇಳಿದ ಮೇಲೆ ಕೆಲಸ ಕಳೆದುಕೊಂಡರು. ಮಿಷಿಗನ್ನಿನ ಶವಸಂಸ್ಕಾರ ಸಂಸ್ಥೆಯೊಂದರಲ್ಲಿದ್ದ ಏಮಿ ಸ್ಟೀಫನ್ಸ್ ಇನ್ನು ಮುಂದೆ ಹೆಣ್ಣಾಗಿ ಕೆಲಸಕ್ಕೆ ಬರುವೆನೆಂದು ೨೦೧೩ರಲ್ಲಿ ಮಾಲೀಕರಿಗೆ ಪತ್ರ ಕೊಟ್ಟು ಅದೇ ಕಾರಣಕ್ಕೆ ಹೊರಬಿದ್ದರು. ಜಾರ್ಡಾ ೨೦೧೪ರಲ್ಲಿಯೇ ತೀರಿಕೊಂಡಿದ್ದರು. ಸ್ಟೀಫನ್ಸ್ ತೀರಿಕೊಂಡದ್ದು ೨೦೨೦ರ ಮೇ ೧೨ರಂದು, ತೀರ್ಪಿಗೆ ಒಂದು ತಿಂಗಳು ಉಳಿದಿರುವಾಗ. ಮೂವರಲ್ಲಿ ತೀರ್ಪನ್ನು ಕೇಳಲು ಬದುಕಿದ್ದವರು ಬೋಸ್ಟಾಕ್ ಒಬ್ಬರೇ.

ಆರು ಜನ ನ್ಯಾಯಮೂರ್ತಿಗಳ ಪರವಾಗಿ ತೀರ್ಪನ್ನು ಬರೆದವರು, ೨೦೧೭ರಲ್ಲಿ ಅಧ್ಯಕ್ಷ ಟ್ರಂಪ್ ನೇಮಿಸಿದ್ದ ನೀಲ್ ಗೋರ್ಸಚ್. 'ಲಿಂಗ'ಕ್ಕೆ ೧೯೬೪ರಲ್ಲಿದ್ದ ಅತ್ಯಂತ ಸಂಕುಚಿತವಾದ ಅರ್ಥವನ್ನೇ, ಎಂದರೆ ಗಂಡು ಹೆಣ್ಣೆಂಬ ದೈಹಿಕ ಭೇದವನ್ನೇ, ಅವರು ವಾದಕ್ಕಾಗಿ ಒಪ್ಪಿಕೊಂಡರು. ಇಬ್ಬರು ನೌಕರರಿದ್ದಾರೆ, ಇಬ್ಬರೂ ಗಂಡಸರನ್ನು ಒಲಿಯುವವರು, ಉಳಿದೆಲ್ಲ ವಿಚಾರದಲ್ಲಿ ಸಮಾನರು; ಒಬ್ಬರು ಹೆಣ್ಣು, ಒಬ್ಬರು ಗಂಡು. ಗಂಡನ್ನು ಮಾತ್ರ ಕೆಲಸದಿಂದ ತೆಗೆದರೆ ಹೆಣ್ಣಿನಲ್ಲಿ ಸಹಿಸಿಕೊಂಡ ಗುಣಕ್ಕಾಗಿಯೇ ಅವನನ್ನು ತೆಗೆದಂತಾಯಿತು. ಅವನ ಲಿಂಗ ಬೇರೆಯಾಗಿದ್ದರೆ ಅವನು ಕೆಲಸದಲ್ಲಿ ಉಳಿಯುತ್ತಿದ್ದ. ಆದ್ದರಿಂದ ಲಿಂಗ ಇಲ್ಲಿ ಕಾರಣವಾಗಿಯೇ ಇದೆ. ಶಾಸಕರು ಈ ಪರಿಣಾಮವನ್ನು ಊಹಿಸಿರಲಾರರೆಂಬುದನ್ನು ಅವರು ಒಪ್ಪುತ್ತಾರೆ. ಆದರೆ ಬರೆದವರ ಊಹೆಯ ಮಿತಿ ಬರಹದ ಮಿತಿಯಾಗದೆಂದು ಹೇಳುತ್ತಾರೆ.

ಭಿನ್ನಮತಗಳೂ ಅಷ್ಟೇ ಗಂಭೀರವಾದವು. ನ್ಯಾಯಮೂರ್ತಿ ಅಲಿಟೊ ಹಳೆಯ ನಿಘಂಟುಗಳ ಅರ್ಥಗಳನ್ನು ಅನುಬಂಧವಾಗಿ ಕೊಟ್ಟು, ೧೯೬೪ರ ಸಾಮಾನ್ಯ ಓದುಗನಾರೂ ಆ ಪದವನ್ನು ಹೀಗೆ ಅರ್ಥಮಾಡಿಕೊಳ್ಳುತ್ತಿರಲಿಲ್ಲವೆಂದು ವಾದಿಸಿದರು. ನ್ಯಾಯಮೂರ್ತಿ ಥಾಮಸ್ ಅವರೊಡನಿದ್ದರು. ಪದಗಳ ಬಿಡಿ ಅರ್ಥಕ್ಕೂ ಇಡೀ ಮಾತಿನ ರೂಢಿಯ ಅರ್ಥಕ್ಕೂ ವ್ಯತ್ಯಾಸವಿದೆ ಎಂದು ನ್ಯಾಯಮೂರ್ತಿ ಕ್ಯಾವನಾ ಬರೆದರು. ಹೊಸ ಪದಗಳನ್ನು ಸೇರಿಸಲು ಶಾಸನಸಭೆ ಮತ್ತೆ ಮತ್ತೆ ಪ್ರಯತ್ನಿಸಿ ಸೋತದ್ದೇ ಹಳೆಯ ಪದದಲ್ಲಿ ಆ ಅರ್ಥವಿರಲಿಲ್ಲ ಎಂಬುದಕ್ಕೆ ಪ್ರಮಾಣ ಎಂಬುದು ಅವರೆಲ್ಲರ ನಿಲುವು.

ಹಳಗನ್ನಡ ಕೃತಿಗಳನ್ನು ಓದುವ, ಓದಿಸುವ ನಮ್ಮಂಥವರಿಗೆ ಈ ಭಿನ್ನಮತ ಮೊದಲ ನೋಟಕ್ಕೆ ಹಿತವಾಗಿಯೇ ತೋರುತ್ತದೆ. ಪದವನ್ನು ಅದರ ಕಾಲದ ಅರ್ಥದಲ್ಲಿಯೇ ಓದಬೇಕು, ಇಂದಿನ ಅರ್ಥವನ್ನು ಅಂದಿನ ಪಠ್ಯದ ಮೇಲೆ ಹೇರಬಾರದು ಎಂದಲ್ಲವೇ ನಾವು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿರುವುದು? ಆದರೆ ತೀರ್ಪನ್ನು ಮತ್ತೊಮ್ಮೆ ಓದಿದಾಗ ವಿವಾದವಿರುವುದು ಪದದ ಅರ್ಥದಲ್ಲಿ ಅಲ್ಲ, ಅದರ ಅನ್ವಯದಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ದೇವಾಲಯಕ್ಕೆ ಬಿಟ್ಟ ಭೂಮಿಯಲ್ಲಿ ಬೆಳೆದುದೆಲ್ಲ ದೇವರಿಗೆ ಸಲ್ಲತಕ್ಕದ್ದು ಎಂದು ದತ್ತಿಯೊಂದರಲ್ಲಿ ಬರೆದಿದ್ದರೆ, ಬರೆಸಿದವನು ಕಂಡರಿಯದ ಮೆಣಸಿನಕಾಯಿ ಅಲ್ಲಿ ಬೆಳೆದಾಗ ಅದು ಸಲ್ಲುವುದಿಲ್ಲವೆಂದು ಯಾರೂ ವಾದಿಸುವುದಿಲ್ಲ. 'ಬೆಳೆದುದು' ಎಂಬುದರ ಅರ್ಥ ಬದಲಾಗಿಲ್ಲ. ಅದು ಮುಟ್ಟುವ ವಸ್ತು ಹೊಸದು. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಗೋರ್ಸಚ್ ಲಕ್ಷ್ಯಾರ್ಥಕ್ಕಾಗಲಿ ವ್ಯಂಗ್ಯಾರ್ಥಕ್ಕಾಗಲಿ ಹೋಗದೆ ವಾಚ್ಯಾರ್ಥದಲ್ಲಿಯೇ ನಿಂತಿದ್ದಾರೆ. ಅವರ ಓದಿನ ಬಲವೂ ಅದೇ, ಮಿತಿಯೂ ಅದೇ.

೬

ಮಿತಿ ಎಂದುದಕ್ಕೆ ಕಾರಣವಿದೆ. ವಾಚ್ಯಾರ್ಥವನ್ನು ಅವಲಂಬಿಸಿದ ಓದು ಪದವಿರುವಲ್ಲಿ ಮಾತ್ರ ನಡೆಯುತ್ತದೆ. ಎರಡನೆಯ ಅಧ್ಯಾಯದಲ್ಲಿ 'ಲಿಂಗ'ವೆಂಬ ಪದವೇ ಇಲ್ಲದಿರುವುದರಿಂದ ಅಲ್ಲಿ ಓದಲು ಏನೂ ಇಲ್ಲ. ಸಲಿಂಗಾನುರಾಗಿ ಎಂಬ ಕಾರಣಕ್ಕೆ ಒಬ್ಬನನ್ನು ಕೆಲಸದಿಂದ ತೆಗೆಯುವುದು ಒಕ್ಕೂಟದ ಕಾಯಿದೆಯ ಉಲ್ಲಂಘನೆ. ಅದೇ ಕಾರಣಕ್ಕೆ ಅವನಿಗೆ ಉಪಾಹಾರಗೃಹದಲ್ಲಿ ಊಟ ನಿರಾಕರಿಸುವುದನ್ನು ನಿಷೇಧಿಸುವ ಮಾತು ಆ ಕಾಯಿದೆಯಲ್ಲಿಲ್ಲ. ರಾಜ್ಯದ ಕಾಯಿದೆ ಇದ್ದರೆ ರಕ್ಷಣೆಯುಂಟು, ಇಲ್ಲವಾದರೆ ಇಲ್ಲ. ಉದ್ಯೋಗದಲ್ಲಿಯೂ ಹದಿನೈದಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಏಳನೆಯ ಅಧ್ಯಾಯ ತಗಲುವುದಿಲ್ಲ. ೧೯೬೪ರ ಆ ಶನಿವಾರ ಸ್ಮಿತ್ ತಿದ್ದುಪಡಿ ಒಂದು ಅಧ್ಯಾಯವನ್ನು ಮುಟ್ಟಿ ಇನ್ನೊಂದನ್ನು ಬಿಟ್ಟದ್ದರ ಫಲವನ್ನು ಇಂದಿನವರೂ ಉಣ್ಣುತ್ತಿದ್ದಾರೆ.

ಎರಡನೆಯ ಮಿತಿ ಓದುವವರಿಗೆ ಸಂಬಂಧಿಸಿದುದು. ಅಧ್ಯಕ್ಷ ಒಬಾಮಾ ೨೦೧೪ರ ಜುಲೈ ೨೧ರ ಆದೇಶದಿಂದ ಸರ್ಕಾರಿ ಗುತ್ತಿಗೆದಾರರ ನೌಕರರಿಗೆ ನೀಡಿದ ರಕ್ಷಣೆಯನ್ನು ೨೦೨೫ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹಿಂತೆಗೆದುಕೊಂಡರು. ಬೋಸ್ಟಾಕ್ ತೀರ್ಪಿನ ತರ್ಕವನ್ನು ಲಿಂಗತಾರತಮ್ಯವನ್ನು ನಿಷೇಧಿಸುವ ಇತರ ಕಾಯಿದೆಗಳಿಗೂ ಅನ್ವಯಿಸಬೇಕೆಂದು ಅಧ್ಯಕ್ಷ ಬೈಡನ್ ೨೦೨೧ರ ಜನವರಿ ೨೦ರಂದು, ಅಧಿಕಾರ ವಹಿಸಿಕೊಂಡ ದಿನವೇ, ಆದೇಶಿಸಿದ್ದರು. ಸರಿಯಾಗಿ ನಾಲ್ಕು ವರ್ಷಗಳ ಮೇಲೆ, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಅದನ್ನು ರದ್ದುಪಡಿಸಿ ಲಿಂಗವೆಂದರೆ ಬದಲಾಗದ ಜೈವಿಕ ವರ್ಗೀಕರಣವೆಂದೇ ಒಕ್ಕೂಟ ಸರ್ಕಾರ ತಿಳಿಯತಕ್ಕದ್ದೆಂದು ಆದೇಶಿಸಿದರು. ೨೦೨೫ರ ಜೂನ್ ೧೮ರ ಸ್ಕ್ರ್ಮೆಟಿ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಲಿಂಗಪರಿವರ್ತನೆಗಾಗಿ ಅಪ್ರಾಪ್ತ ವಯಸ್ಕರಿಗೆ ನೀಡುವ ಕೆಲವು ಚಿಕಿತ್ಸೆಗಳನ್ನು ನಿಷೇಧಿಸಿದ ಟೆನೆಸಿ ರಾಜ್ಯದ ಕಾಯಿದೆಯನ್ನು ಎತ್ತಿಹಿಡಿಯಿತು. ಬೋಸ್ಟಾಕ್ ತರ್ಕ ಏಳನೆಯ ಅಧ್ಯಾಯದ ಆಚೆಗೆ ಸಲ್ಲುವುದೇ ಎಂಬುದನ್ನು ಅದು ತೀರ್ಮಾನಿಸದೆ ಬಿಟ್ಟಿತು. ಉದ್ಯೋಗದ ಮಟ್ಟಿಗೆ ೨೦೨೦ರ ತೀರ್ಪು ನಿಂತಿದೆ. ಅದರ ಸುತ್ತಣ ನೆಲ ಸ್ಥಿರವಾಗಿಲ್ಲ.

ಶಾಸನಸಭೆಯೇ ಬರೆದ ಮಾತು ಇಷ್ಟು ಸುಲಭವಾಗಿ ಅಲುಗಾಡುವುದಿಲ್ಲ. ೨೦೦೯ರ ದ್ವೇಷಾಪರಾಧಗಳ ಕಾಯಿದೆ ಲೈಂಗಿಕ ಒಲವನ್ನೂ ಲಿಂಗತ್ವದ ಅಸ್ಮಿತೆಯನ್ನೂ ಹೆಸರಿಸಿಯೇ ಹೇಳುತ್ತದೆ. ೨೦೧೫ರ ತೀರ್ಪಿನಿಂದ ದೊರೆತ ಸಲಿಂಗ ವಿವಾಹದ ಹಕ್ಕಿಗೆ ಭಂಗ ಬಂದೀತೆಂಬ ಆತಂಕ ಹುಟ್ಟಿದಾಗ ಕಾಂಗ್ರೆಸ್ಸು ೨೦೨೨ರ ಡಿಸೆಂಬರಿನಲ್ಲಿ ಅಂಥ ವಿವಾಹಗಳ ಮಾನ್ಯತೆಗೆ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಸ್ಟೀಫನ್ಸರ ರಾಜ್ಯವಾದ ಮಿಷಿಗನ್ ೨೦೨೩ರಲ್ಲಿ ತನ್ನ ನಾಗರಿಕ ಹಕ್ಕುಗಳ ಕಾಯಿದೆಗೆ ಈ ಎರಡು ಪದಗಳನ್ನೂ ಸೇರಿಸಿತು.

೭

ಇದೇ ಪದದ ಓದು ನಮ್ಮ ದೇಶದಲ್ಲಿಯೂ ನಡೆದಿದೆ. ಭಾರತ ಸಂವಿಧಾನದ ೧೫ನೆಯ ಅನುಚ್ಛೇದದಲ್ಲಿರುವ 'ಲಿಂಗ'ವು ಲೈಂಗಿಕ ಒಲವನ್ನೂ ಒಳಗೊಳ್ಳುತ್ತದೆ ಎಂದು ದೆಹಲಿ ಉಚ್ಚ ನ್ಯಾಯಾಲಯ ೨೦೦೯ರ ಜುಲೈ ೨ರಂದು, ಬೋಸ್ಟಾಕ್ ತೀರ್ಪಿಗೆ ಹನ್ನೊಂದು ವರ್ಷ ಮೊದಲೇ, ಹೇಳಿತ್ತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಿಗೆ ಸರಿಸಿತು. ೨೦೧೪ರಲ್ಲಿ ಲಿಂಗತ್ವದ ಅಸ್ಮಿತೆಯನ್ನೂ ೨೦೧೮ರ ಸೆಪ್ಟೆಂಬರ್ ೬ರಂದು ಲೈಂಗಿಕ ಒಲವನ್ನೂ ಸಂವಿಧಾನದ ರಕ್ಷಣೆಗೆ ತಂದಿತು. ಎರಡು ದೇಶಗಳ ಓದಿನ ಕ್ರಮ ಮಾತ್ರ ಬೇರೆ. ಅಮೆರಿಕಾದ ನ್ಯಾಯಾಲಯ ಅರ್ಥವನ್ನು ಸಂಕುಚಿತವಾಗಿಯೇ ಇಟ್ಟು ಅನ್ವಯವನ್ನು ವಿಸ್ತರಿಸಿತು. ನಮ್ಮ ನ್ಯಾಯಾಲಯಗಳು ಲಿಂಗತಾರತಮ್ಯವನ್ನು ಏಕೆ ನಿಷೇಧಿಸಲಾಗಿದೆ ಎಂಬ ತಾತ್ಪರ್ಯವನ್ನು ಹಿಡಿದು ಅರ್ಥವನ್ನೇ ವಿಸ್ತರಿಸಿದವು. ಒಂದು ವಾಚ್ಯಾರ್ಥದ ಓದು, ಇನ್ನೊಂದು ಲಕ್ಷ್ಯಾರ್ಥಕ್ಕೆ ಸಮೀಪವಾದ ಓದು.

ಆದರೆ ಇಲ್ಲಿಯೂ ಓದಿಗೆ ಮಿತಿಯಿದೆ. ೧೫ನೆಯ ಅನುಚ್ಛೇದದ ಮೊದಲ ಖಂಡ ಪ್ರಭುತ್ವವನ್ನು ಕಟ್ಟಿಹಾಕುತ್ತದೆಯೇ ಹೊರತು ಖಾಸಗಿ ಉದ್ಯೋಗದಾತನನ್ನಲ್ಲ. ೨೦೨೩ರ ಅಕ್ಟೋಬರ್ ೧೭ರಂದು ಸಲಿಂಗ ವಿವಾಹದ ಪ್ರಶ್ನೆ ಬಂದಾಗ ಸರ್ವೋಚ್ಚ ನ್ಯಾಯಾಲಯ ಅದನ್ನು ಶಾಸನಸಭೆಗೆ ಬಿಟ್ಟಿತು. ಕರ್ನಾಟಕ ಸರ್ಕಾರ ೨೦೨೧ರಲ್ಲಿ ತನ್ನ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ ೧ರಷ್ಟು ಮೀಸಲಾತಿಯನ್ನು ಹೆಸರು ಹೇಳಿಯೇ ಕೊಟ್ಟದ್ದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಮೇಲಿನ ಚರ್ಚೆಯಿಂದ ಎರಡು ಮಾತುಗಳನ್ನು ಹೇಳಬಹುದೆಂದು ನಮಗೆ ತೋರುತ್ತದೆ. ಬರೆದವರ ಉದ್ದೇಶವನ್ನು ಮೀರಿ ಬರಹ ನ್ಯಾಯವನ್ನು ಕೊಡಬಲ್ಲುದು. ಕಾಯಿದೆಯನ್ನು ಕೆಡಿಸಲು ಸೇರಿಸಿದ್ದೆಂದು ಹಲವರು ನಂಬುವ ಪದವೊಂದು ಐವತ್ತಾರು ವರ್ಷಗಳ ಮೇಲೆ, ಬರೆದವರು ನೆನೆಯದಿದ್ದ ಜನರ ಕೆಲಸವನ್ನು ಕಾಪಾಡಿತು. ಇದು ಓದಿನ ಹಿರಿಮೆ. ಆದರೆ ಹೆಸರಿಲ್ಲದವರ ಹಕ್ಕು ಪ್ರತಿಯೊಂದು ಹೊಸ ಓದಿಗೂ ಈಡಾಗಿ ನಿಲ್ಲಬೇಕಾಗುತ್ತದೆ. ಓದುವವರು ಬದಲಾದಾಗಲೆಲ್ಲ ಅವರು ತಮ್ಮ ಇರುವಿಕೆಯನ್ನು ಮೊದಲಿನಿಂದ ಸಾಧಿಸಿ ತೋರಿಸಬೇಕಾಗುತ್ತದೆ. ೧೯೭೪ರಲ್ಲಿ ಆಬ್ಜಗ್ ಮತ್ತು ಕಾಚ್ ಕೇಳಿದ್ದು ಶಾಸನದಲ್ಲಿ ಒಂದು ಹೆಸರನ್ನು. ಐದು ದಶಕಗಳು ಕಳೆದ ಮೇಲೂ ಒಕ್ಕೂಟದ ನಾಗರಿಕ ಹಕ್ಕುಗಳ ಕಾಯಿದೆಯಲ್ಲಿ ಆ ಹೆಸರನ್ನು ಬರೆದಿಲ್ಲ.